ಉಪಾಶಿ ಪೋಟಿಯ ಗುಳಿಗೆ

ನಮ್ಮ ಅಡುಗೆಮನೆಯಲ್ಲಿ ಎರಡು ಒಗ್ಗರಣೆ ಡಬ್ಬಿಗಳಿವೆ. ಹೊಸದರಲ್ಲಿ ಸಾಸಿವೆ, ಜೀರಿಗೆ, ಅರಿಶಿನ, ಇಂಗು. ಹಳೆಯದರಲ್ಲಿ ನನ್ನ ಬೀಪಿ ಗುಳಿಗೆಗಳು. ಮುಚ್ಚಳ ಸೊಟ್ಟಗಾಗಿದೆ ಎಂದು ಸೊಸೆ ಆ ಹಳೆಯದನ್ನು ಭಂಗಾರದವನಿಗೆ ಹಾಕಲು ಹೊರಟಿದ್ದಳು. ಪುಣೆಯಲ್ಲಿ ಹಳೆಯ ಕಬ್ಬಿಣ, ತಗಡು ಕೊಳ್ಳುವವನಿಗೆ ಭಂಗಾರವಾಲಾ ಅನ್ನುತ್ತಾರೆ. ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ, ಬಂಗಾರ ಕೊಳ್ಳುವ ಸಾಹುಕಾರ ಹರಕು ಅಂಗಿ ಹಾಕಿಕೊಂಡು ಕೈಗಾಡಿ ಯಾಕೆ ತಳ್ಳುತ್ತಾನೆ ಎಂದು ಎಂಟು ದಿನ ತಲೆ ಕೆಡಿಸಿಕೊಂಡಿದ್ದೆ. ಕಿವಿಯಲ್ಲಿದ್ದ ಬೆಂಡೋಲೆಯನ್ನು ಸೆರಗಿನಿಂದ ಮುಚ್ಚಿಕೊಂಡು ಒಳಗೆ ಓಡುತ್ತಿದ್ದೆ.

ಅದು ಹಾಗಿರಲಿ. ಡಬ್ಬಿಯಲ್ಲಿ ಏಳು ಬಟ್ಟಲುಗಳಿವೆ, ವಾರಕ್ಕೆ ಏಳು ದಿನ. ಗುಳಿಗೆಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಒಂದೊಂದು ತುಂಡನ್ನು ಒಂದೊಂದು ಬಟ್ಟಲಿಗೆ ಹಾಕಿಡುತ್ತೇನೆ. ನಡುವಿನ ಬಟ್ಟಲು ರವಿವಾರ. ಮೊಮ್ಮಗಳು ಸ್ನೇಹಾ ಪೇಟೆಯಿಂದ ಪ್ಲಾಸ್ಟಿಕ್ಕಿನ ಗುಳಿಗೆ ಡಬ್ಬಿ ತಂದುಕೊಟ್ಟಿದ್ದಳು. ಅದರ ಮೇಲೆ ಒಂದೊಂದು ದಿನಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ಓದಿಸಿ ನೋಡಿದರೆ ಮಂಗಳವಾರಕ್ಕೂ ಗುರುವಾರಕ್ಕೂ ಒಂದೇ ಅಕ್ಷರ, ಶನಿವಾರಕ್ಕೂ ರವಿವಾರಕ್ಕೂ ಒಂದೇ. ಅಕ್ಷರಕ್ಕೆ ಇಷ್ಟು ಬಡತನ ಇರುವವರನ್ನು ನಂಬಿ ನಾನು ಔಷಧ ನುಂಗಲೇ? ಅದರಲ್ಲಿ ಈಗ ಗುಂಡಿ, ಸೂಜಿ ಇಟ್ಟಿದ್ದೇನೆ.

ನಾನು ಕಲಿತದ್ದು ಮೂರನೇ ಇಯತ್ತೆ. ಸ್ನೇಹಾ ಇಲ್ಲೇ ಧನಕವಡಿಯ ಕಾಲೇಜಿನಲ್ಲಿ ಔಷಧ ಮಾಡುವ ವಿದ್ಯೆ ಓದುತ್ತಿದ್ದಾಳೆ. ಆದರೆ ಪುಣೆಯಲ್ಲಿ ಹುಟ್ಟಿದ ಹುಡುಗಿ, ಕನ್ನಡ ಮಾತಾಡುತ್ತಾಳೆಯೇ ಹೊರತು ಓದಲು ಬರುವುದಿಲ್ಲ. ಹಾಗಾಗಿ ಇಲ್ಲಿ ನಾನು ಏನು ಬರೆದರೂ ತಪ್ಪು ಹುಡುಕುವವರು ಮನೆಯಲ್ಲಿ ಯಾರೂ ಇಲ್ಲ. ನೀವು ಹುಡುಕಿದರೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ನಮ್ಮ ಕಾಲದಲ್ಲಿ ಬೀಪಿ ಇರಲಿಲ್ಲ ಅನ್ನುತ್ತಾರಲ್ಲ, ಅದು ಸುಳ್ಳು. ಅಳೆಯುವವರು ಇರಲಿಲ್ಲ, ಅಷ್ಟೆ. ನನ್ನ ಅಜ್ಜಿಗೆ ಆಗಾಗ ತಲೆ ಗಿರ್ರೆನ್ನುತ್ತಿತ್ತು. ನೆತ್ತಿಗೆ ಔಡಲೆಣ್ಣೆ ಬಡಿಸಿಕೊಂಡು, ಹಣೆಗೆ ಬಟ್ಟೆ ಬಿಗಿದು ಕಟ್ಟೆಯ ಮೇಲೆ ಮಲಗುತ್ತಿದ್ದಳು. ಎಣ್ಣೆ ಬಡಿಯುವ ಕೆಲಸ ನನ್ನದು. ನಾನು ಕೈ ನಿಲ್ಲಿಸಿದರೆ ಕಣ್ಣು ಮುಚ್ಚಿಕೊಂಡೇ ಬೈಯುತ್ತಿದ್ದಳು. ಒಂದು ದಿನ ರೊಟ್ಟಿ ತಟ್ಟುತ್ತಾ ಕುಳಿತವಳ ಬಲಗೈ ಕೊಮ್ಮಣಿಗೆಯೊಳಗೆ, ಹಿಟ್ಟಿನ ಮೇಲೆ ಬಿತ್ತು. ಮತ್ತೆ ಏಳಲಿಲ್ಲ. ಗಾಳಿ ಬಡಿದಿದೆ ಅಂದರು ಊರವರು. ಬಡಿದದ್ದು ಯಾವ ಗಾಳಿ ಎಂದು ನನಗೆ ಅರವತ್ತು ದಾಟಿದ ಮೇಲೆ ತಿಳಿಯಿತು.

ನನ್ನ ಬೀಪಿ ಸಿಕ್ಕಿಬಿದ್ದದ್ದು ನಾವಿರುವ ಫ್ಲ್ಯಾಟುಗಳ ಸೊಸೈಟಿಯ ಕೆಳಗೆ ನಡೆದ ಆರೋಗ್ಯ ಶಿಬಿರದಲ್ಲಿ. ಬಾಳೆಹಣ್ಣು ಕೊಡುತ್ತಾರೆಂದು ಹೋಗಿದ್ದೆ. ರಟ್ಟೆಗೆ ಪಟ್ಟಿ ಸುತ್ತಿ, ಗಾಳಿ ಊದಿ, ಅಲ್ಲಿದ್ದ ನರ್ಸ್ ಹುಡುಗಿ ಎರಡು ಸಲ ನೋಡಿದಳು. ತಲೆ ನೋಯುತ್ತದೆಯೇ? ಇಲ್ಲ. ಎದೆ ಹೊಡೆದುಕೊಳ್ಳುತ್ತದೆಯೇ? ಇಲ್ಲ. ಏನೂ ಆಗುತ್ತಿಲ್ಲವೇ? ಇಲ್ಲ ತಾಯಿ, ಬಾಳೆಹಣ್ಣು ಕೊಡು, ಹೋಗುತ್ತೇನೆ ಅಂದೆ. ಹಣ್ಣಿನ ಜೊತೆ ಚೀಟಿಯನ್ನೂ ಕೊಟ್ಟಳು.

ಆ ಸಂಜೆ ಸ್ನೇಹಾ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದಳು. ಪ್ರೆಶರ್ ಅಂದರೆ ನನ್ನ ತಲೆಯಲ್ಲಿ ಬಂದದ್ದು ಕುಕ್ಕರ್.

"ಅಗ ಅಜ್ಜಿ, ಕುಕ್ಕರ್ ಸೀಟಿ ಹೊಡೀತದ. ಇದು ಸೀಟಿನೇ ಹೊಡಿಯೂದಿಲ್ಲ. ಅದೇ ಇದರ ಪ್ರಾಬ್ಲೆಮ್."

"ಮತ್ತ ಗುಳಿಗಿ ಏನ್ ಮಾಡ್ತದ?"

"ನಮ್ಮ ಬಿಲ್ಡಿಂಗಿನ ಮೋಟರ್ ನೋಡೀದಿ ಅಲ್ಲ? ನೀರ ಭಾಳ ಜೋರ ಬಂದ್ರ ಪೈಪ್ ಒಡೀತಾವ. ಆಗ ಏನ್ ಮಾಡ್ಬೇಕು? ಪೈಪ್ ಅಗಲ ಮಾಡ್ಬೇಕು, ಇಲ್ಲಾ ನೀರ ಕಮ್ಮಿ ಮಾಡ್ಬೇಕು, ಇಲ್ಲಾ ಮೋಟರ್ ಸಾವಕಾಶ ಓಡಿಸ್ಬೇಕು. ಗುಳಿಗ್ಯಾಗೂ ಹಂಗ ಬ್ಯಾರೆ ಬ್ಯಾರೆ ಜಾತಿ ಅವ."

ನಮ್ಮ ಸೊಸೈಟಿಯ ಪ್ಲಂಬರ್ ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಅವತ್ತೇ ನನಗೆ ಸಂಶಯ ಬಂದಿತ್ತು.

ಮೊದಲ ಗುಳಿಗೆ ಪೈಪು ಅಗಲ ಮಾಡುವ ಜಾತಿಯದು. ಬೀಪಿ ಚೆನ್ನಾಗಿ ಇಳಿಯಿತು. ಆದರೆ ಮೂರು ವಾರಕ್ಕೆ ಕೆಮ್ಮು ಹತ್ತಿತು. ಕಫವಿಲ್ಲ, ನೆಗಡಿಯಿಲ್ಲ, ಬರೀ ಒಣ ಕೆಮ್ಮು, ಗಂಟಲಲ್ಲಿ ಯಾರೋ ಕೋಳಿಪುಕ್ಕ ಆಡಿಸಿದ ಹಾಗೆ. ಅದು ಬರುವ ಹೊತ್ತೂ ಎಡವಟ್ಟು. ಸೊಸೆಯ ತವರಿನವರು ಬಂದು ಸೋಫಾದ ಮೇಲೆ ಕುಳಿತರೆ ಕೆಮ್ಮು. ಅವಳು ಫೋನಿನಲ್ಲಿ ಮಾತಾಡಲು ತೊಡಗಿದರೆ ಕೆಮ್ಮು. ಒಂದು ದಿನ ಮಗನ ಮುಂದೆ ಅಂದೇಬಿಟ್ಟಳು: "ಅತ್ತಿಯವರು ಬಾಯಿಲೆ ಹೇಳಿದ್ರೂ ನಡೀತದರಿ. ಹಿಂಗ ಕೆಮ್ಮಿ ಕೆಮ್ಮಿ ಯಾಕ ತಿಳಸ್ತಾರ?" ನಾನು ಮುಯ್ಯಿ ತೀರಿಸಲು ಬಾಯಿ ತೆರೆದೆ, ಕೆಮ್ಮು ಬಂತು. ಗಂಡ ಇದ್ದಾಗ ಒಮ್ಮೆಯೂ ಬಾಯಿ ಸೋಲದ ನಾನು ಗುಳಿಗೆಗೆ ಸೋತೆ.

ಮೂರು ತಿಂಗಳು ಮದ್ದು ಮಾಡಿದ್ದೇ ಮಾಡಿದ್ದು. ಜ್ಯೇಷ್ಠಮಧು, ಶುಂಠಿ, ಅರಿಶಿನದ ಹಾಲು, ಪಕ್ಕದ ಮನೆಯ ಕುಲಕರ್ಣಿ ಕಾಕು ಕೊಟ್ಟ ಅಡುಳಸ, ಅಂದರೆ ಆಡುಸೋಗೆಯ ಕಷಾಯ. ಕಷಾಯಕ್ಕೆ ಹೊಟ್ಟೆ ಕೆಟ್ಟಿತು, ಕೆಮ್ಮು ಕದಲಲಿಲ್ಲ. ಗುಳಿಗೆ ಬರೆದುಕೊಟ್ಟ ಡಾಕ್ಟರಬಾಯಿಗೆ ಹೇಳಲೇ ಇಲ್ಲ. ಬೀಪಿಯ ಡಾಕ್ಟರಿಗೆ ಕೆಮ್ಮಿನ ಮಾತು ಯಾಕೆ ಎಂದುಕೊಂಡಿದ್ದೆ. ಕಡೆಗೆ ಅವರ ಎದುರಿಗೇ ಕೆಮ್ಮಿದೆ. ಎಷ್ಟು ದಿನದಿಂದ ಎಂದು ಕೇಳಿ, ಗುಳಿಗೆ ಬದಲಿಸಿದರು. ಹದಿನೈದು ದಿನಕ್ಕೆ ಕೆಮ್ಮು ಹೇಳದೆ ಕೇಳದೆ ಹೋಯಿತು. ಬೀಪಿ ಗುಳಿಗೆಗೂ ಗಂಟಲಿಗೂ ಏನು ಸಂಬಂಧ ಎಂದು ಸ್ನೇಹಾಳನ್ನು ಕೇಳಿದೆ. ಏನೇನೋ ಹೇಳಿದಳು, ತಿಳಿಯಲಿಲ್ಲ. ತಿಳಿದ ಹಾಗೆ ತಲೆಯಾಡಿಸಿದೆ.

ಬದಲಿಗೆ ಬಂದ ಗುಳಿಗೆಗೆ ಕಾಲು ಬಾತವು. ಸಂಜೆಯಾದರೆ ಹರಡಿನ ಮೇಲೆ ಹೆಬ್ಬೆರಳು ಒತ್ತಿದಲ್ಲಿ ಕುಣಿ ಬಿದ್ದು, ನಾದಿದ ಜೋಳದ ಹಿಟ್ಟಿನ ಹಾಗೆ ನಿಧಾನ ಮೇಲೇಳುತ್ತಿತ್ತು. ಚಪ್ಪಲಿ ಹೊಗುತ್ತಿರಲಿಲ್ಲ. ಈ ಸಲ ನಾನು ಜಾಣಳಾಗಿದ್ದೆ, ಮರುದಿನವೇ ಹೋಗಿ ಕಾಲು ತೋರಿಸಿದೆ. ಡೋಸು ಇಳಿಸಿ ಇನ್ನೊಂದನ್ನು ಜೊತೆಗೆ ಕೊಟ್ಟರು. ಆ ಇನ್ನೊಂದು, ಸ್ನೇಹಾ ಹೇಳಿದ ಮೋಟರ್ ಸಾವಕಾಶ ಮಾಡುವ ಜಾತಿ. ಅದರ ಮೇಲೆ ನನ್ನ ಸಿಟ್ಟು ಇನ್ನೂ ಆರಿಲ್ಲ. ಅದನ್ನು ನುಂಗುತ್ತಿದ್ದ ದಿನಗಳಲ್ಲಿ ನನಗೆ ಸರಿಯಾಗಿ ಜಗಳವಾಡಲು ಆಗುತ್ತಿರಲಿಲ್ಲ. ಸೊಸೈಟಿಯ ಸೆಕ್ರೆಟರಿ ನೀರು ಬಿಡದ ದಿನ ಕೆಳಗಿಳಿದು ಹೋದೆ. ಬಾಯಲ್ಲಿ ಬೈಗುಳ ಬರುತ್ತಿದೆ, ಎದೆ ಮಾತ್ರ ಹೊಂಡದಲ್ಲಿ ಬಿದ್ದ ಎಮ್ಮೆಯ ಹಾಗೆ ತಣ್ಣಗಿದೆ. ಕೈ ನಡುಗುತ್ತಿಲ್ಲ, ಕಿವಿ ಬಿಸಿಯಾಗುತ್ತಿಲ್ಲ. ಇಂಥ ಜಗಳಕ್ಕೆ ಏನು ರುಚಿ? ನಾಲ್ಕು ಮಾತಿಗೇ ಬೇಸರವಾಗಿ ಮೇಲೆ ಬಂದೆ. ಸೆಕ್ರೆಟರಿ ನನಗೆ ಹುಷಾರಿಲ್ಲವೆಂದು ಸೇಬು ಕಳಿಸಿದರು. ಇದನ್ನೂ ಡಾಕ್ಟರಬಾಯಿಗೆ ಹೇಳಿದೆ. ತಟ್ಟನೆ ಬಿಡಬೇಡಿ, ಬಿಟ್ಟರೆ ಎದೆ ಇದ್ದಕ್ಕಿದ್ದಂತೆ ಓಟ ಕಿತ್ತೀತು ಎಂದು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ಅದರ ಜಾಗಕ್ಕೆ ನೀರಿನ ಗುಳಿಗೆ ಬಂತು. ಅದರ ಕಥೆ ಮುಂದೆ ಬರುತ್ತದೆ, ಬಸ್ಸಿನಲ್ಲಿ.

ಇಷ್ಟೆಲ್ಲ ಅನುಭವಿಸಿದ ಮೇಲೆ ಬೀಪಿಯ ವಿಷಯದಲ್ಲಿ ನಾನು ಅರ್ಧ ಡಾಕ್ಟರ್ ಎಂಬ ಸೊಕ್ಕು ಬಂದಿತ್ತು. ಆ ಸೊಕ್ಕಿನಲ್ಲೇ ನನ್ನ ನೆಗೆಣ್ಣಿ ನಿಂಗವ್ವನನ್ನು ಊರಿನಿಂದ ಕರೆಸಿದೆ.

ನಿಂಗವ್ವ ನನ್ನ ಮೈದುನನ ಹೆಂಡತಿ, ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿರುತ್ತಾಳೆ. ಗಂಡ ಸತ್ತ ಮೇಲೆ ಕೌದಿ ಹೊಲಿದು ಬದುಕಿದವಳು. ಹಳೆಯ ಸೀರೆ, ಧೋತರ ಕೊಟ್ಟರೆ ಅಂಚಿನಿಂದ ಅಂಚಿಗೆ ಇರುವೆ ಸಾಲಿನಂಥ ಹೊಲಿಗೆ ಹಾಕಿ ಕೌದಿ ಮಾಡಿಕೊಡುತ್ತಾಳೆ. ಅವಳ ಕೌದಿ ಹೊದ್ದವರು ಪೇಟೆಯ ರಗ್ಗು ಕೇಳುವುದಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲಾಗದೆ, ಬೆರಳೆಲ್ಲ ಚುಚ್ಚಿಕೊಂಡು ಕುಳಿತಿದ್ದಾಳೆ ಎಂದು ಸುದ್ದಿ ಬಂತು. ಫೋನು ಮಾಡಿದೆ.

"ಯಕ್ಕಾ, ಕಣ್ಣ ಹೋದ್ರ ನಾ ಯಾರ ಮನಿ ಬಾಗಲಾಗ ಕುಂಡರ್ಲಿ? ಕುಂತ ತಿನ್ನಾಕ ನನಗ ಬರೂದಿಲ್ಲ," ಅಂದಳು. ಅಳುತ್ತಿರಲಿಲ್ಲ. ಅವಳು ಅಳುವವಳಲ್ಲ. ಅದಕ್ಕೇ ನನಗೆ ಗಾಬರಿಯಾಯಿತು.

"ಬಾಯಿ ಮುಚ್ಚು. ಸೋಲಾಪುರದ ಗಾಡಿ ಹತ್ತಿ ಬಾ. ಪುಣೇದಾಗ ಕಣ್ಣಿನ ಡಾಕ್ಟರ್‌ಗೋಳ ಸಾಲಸಾಲ ಅದಾರ," ಅಂದೆ.

ಬಂದಳು. ಸದಾಶಿವ ಪೇಠದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣು ನೋಡಿ ದಿನ ಗೊತ್ತುಮಾಡಿದರು. ಆ ದಿನ ಹೋದರೆ, ಆಪರೇಶನ್‌ಗೆ ಮೊದಲು ಬೀಪಿ ನೋಡಿ ಕೈಬಿಟ್ಟರು. ಮೇಲಿನದು ನೂರಾ ತೊಂಬತ್ತು. ಇಷ್ಟು ಏರಿರುವಾಗ ಕಣ್ಣಿಗೆ ಕೈ ಹಚ್ಚುವುದಿಲ್ಲ, ರಕ್ತಸ್ರಾವವಾದರೆ ಕಣ್ಣೇ ಹೋದೀತು, ಮೊದಲು ಇಳಿಸಿಕೊಂಡು ಬನ್ನಿ ಅಂದರು. ನಿಂಗವ್ವನಿಗೆ ಜನ್ಮದಲ್ಲಿ ಯಾರೂ ಬೀಪಿ ನೋಡಿರಲಿಲ್ಲ.

ಅವಳನ್ನು ನನ್ನ ಡಾಕ್ಟರಬಾಯಿಯ ಬಳಿ ಕೂರಿಸಿದೆ. ನಿಂಗವ್ವನಿಗೆ ಮರಾಠಿ ಒಂದಕ್ಷರ ಬಾರದು. ನಡುವೆ ದುಭಾಷಿ ನಾನು. ನನ್ನ ಮರಾಠಿ ಅಂದರೆ ಭೋಸರಿಯ ಚಾಳಿನ ಸಾಲುಮನೆಗಳಲ್ಲಿ, ನಲ್ಲಿಯ ಮುಂದೆ ಜಗಳವಾಡಿ ಕಲಿತ ಮರಾಠಿ. ನಮ್ಮವರು ಅಲ್ಲಿ ಲೇಥ್ ಮೇಲೆ ಕೆಲಸಕ್ಕಿದ್ದರು. ನಲವತ್ತೈದು ವರ್ಷ ಈ ಭಾಷೆಯಲ್ಲಿ ಸೊಪ್ಪು ಕೊಂಡಿದ್ದೇನೆ, ಸೊಪ್ಪಿನವಳನ್ನು ಬೈದಿದ್ದೇನೆ. ನನಗೆ ಯಾರು ಹೇಳಬೇಕು?

ಡಾಕ್ಟರಬಾಯಿ ಅಂದರು, ಈ ಗುಳಿಗೆ ಶಿರಾ ಸಡಿಲ ಮಾಡುತ್ತದೆ. ಮರಾಠಿಯಲ್ಲಿ ಶಿರಾ ಅಂದರೆ ನರ, ರಕ್ತನಾಳ.

ನಿಂಗವ್ವ ನನ್ನ ಕಿವಿಯ ಹತ್ತಿರ ಬಂದಳು. "ಶಿರಾ ತಿನ್ನಬೇಕಂತೇನು? ರವಾದ್ದೋ, ಗೋದಿದ್ದೋ?"

"ಏ ಹುಚ್ಚಿ, ತಿನ್ನೂ ಶಿರಾ ಅಲ್ಲ. ಮೈಯಾಗಿನ ನರ."

ಆಮೇಲೆ ಡಾಕ್ಟರಬಾಯಿ ಮೀಠ್ ಕಡಿಮೆ ಮಾಡಲು ಹೇಳಿದರು. ಇಲ್ಲಿ ನಾನು ಬಲು ಎಚ್ಚರ ವಹಿಸಿದೆ. ಮರಾಠಿಯ ಮೀಠ್ ಅಂದರೆ ಉಪ್ಪು. ಊರಿನ ಕಡೆ ಹಿಂದಿ ಕೇಳಿದವರಿಗೆ ಮೀಠಾ ಅಂದರೆ ಸಿಹಿ. "ಕೇಳಿಲ್ಲಿ ನಿಂಗವ್ವ, ಉಪ್ಪು ಕಮ್ಮಿ. ಸಿಹಿ ಅಲ್ಲ, ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ ಎಲ್ಲಾ ಬಂದ್," ಎಂದು ಮೂರು ಸಲ ಹೇಳಿ ಅವಳ ಬಾಯಿಂದಲೂ ಹೇಳಿಸಿದೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಕಡೆಗೆ ಗುಳಿಗೆಯನ್ನು ಮುಂಜಾನೆ "ಉಪಾಶಿ ಪೋಟಿ" ತೆಗೆದುಕೊಳ್ಳಬೇಕು ಅಂದರು. ಖಾಲಿ ಹೊಟ್ಟೆಯಲ್ಲಿ ಎಂದರ್ಥ. ನಾನು ಹಿಗ್ಗಿನಲ್ಲೇ, "ಮುಂಜಾನಿ ಉಪಾಶಿ ತಗೋಬೇಕಂತ," ಅಂದೆ. ನಿಂಗವ್ವ ತಲೆಯಾಡಿಸಿದಳು. ಗುಳಿಗೆಯ ಪಟ್ಟಿಯನ್ನು ಸೊಂಟದ ಸಂಚಿಯೊಳಗೆ ಎಲೆ ಅಡಿಕೆಯ ಜೊತೆ ಇಟ್ಟುಕೊಂಡಳು.

ಅವಳನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ತಿಂಗಳ ಮೇಲೆ ಆಸ್ಪತ್ರೆಯವರು ಇನ್ನೊಂದು ದಿನ ಕೊಟ್ಟರು, ಗುರುವಾರ. ಆ ಮುಂಜಾನೆ ನಾನು ನನ್ನ ನೀರಿನ ಗುಳಿಗೆ ನುಂಗಿಯೇ ಹೊರಟೆ. ಬೇರೆಯವಳಿಗೆ ಗುಳಿಗೆ ತಪ್ಪಿಸಬೇಡ ಎಂದು ಹೇಳಿ ನಾನೇ ತಪ್ಪಿಸುವುದು ಹೇಗೆ? ಈ ಗುಳಿಗೆ ಮೈಯಲ್ಲಿನ ಹೆಚ್ಚಿನ ನೀರು, ಉಪ್ಪನ್ನು ಹೊರಗೆ ಹಾಕುತ್ತದೆ. ಯಾವಾಗ ಹಾಕುತ್ತದೆ ಅಂದರೆ, ಬಸ್ಸು ಸಾತಾರಾ ರಸ್ತೆಯ ನಡುವೆ, ಹಿಂದೆ ಮುಂದೆ ಗಾಡಿಗಳು ಗಿಜಿಗುಟ್ಟಿ ನಿಂತಿರುವಾಗ. ಎಷ್ಟು ಹೊತ್ತು ತಡೆಯುತ್ತೀರಿ? ನಿಂಗವ್ವನ ಕೈ ಹಿಡಿದು ಇಳಿದುಬಿಟ್ಟೆ. ಎದುರಿಗೆ ಒಂದು ಮಂಗಲ ಕಾರ್ಯಾಲಯ. ಒಳಗೆ ಮದುವೆ ನಡೆಯುತ್ತಿತ್ತು. ಬಾಗಿಲಲ್ಲಿ ನಿಂತ ಹೆಂಗಸರು ನಮಗೆ ಅತ್ತರು ಹಚ್ಚಿ, ಅಕ್ಷತೆ ಕೊಟ್ಟು ಒಳಗೆ ಬಿಟ್ಟರು. ನಾನು ನಿಂಗವ್ವನನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಹೋಗಬೇಕಾದಲ್ಲಿಗೆ ಹೋಗಿಬಂದೆ. ಬರುವಷ್ಟರಲ್ಲಿ ಅವಳ ಕೈಯಲ್ಲಿ ಪೇಢೆ.

"ಯಕ್ಕಾ, ಭಾರಿ ದವಾಖಾನಿ ಬಿಡು ಇದು," ಅಂದಳು. "ಏನ್ ಹೂವಿನ ವಾಸನಿ! ಸನಾದಿ ಊದ್ಲಿಕ್ಕೂ ಹತ್ಯಾರ. ಕಣ್ಣ ಕೊಯ್ಯೂಕಿಂತ ಮೊದಲ ಬಾಯಿ ಸಿಹಿ ಮಾಡ್ಸತಾರಂತ ಗೊತ್ತಿರಲಿಲ್ಲ."

"ಇದು ಮದಿವಿ. ಎದ್ದೇಳು."

"ಯಾರದು?"

"ನನಗೇನ ಗೊತ್ತು? ನಡೀ."

ಅಕ್ಷತೆ ಕೈಯಲ್ಲಿತ್ತು. ಹಾಗೇ ಬರುವುದು ಸರಿಯಲ್ಲವೆಂದು ದೂರದಿಂದಲೇ ಎಸೆದು ಬಂದೆವು. ಯಾರದೋ ಸಂಸಾರ, ಚೆನ್ನಾಗಿರಲಿ.

ಆಸ್ಪತ್ರೆಯಲ್ಲಿ ಮತ್ತೆ ಬೀಪಿ ನೋಡಿದರು. ನೂರಾ ಎಂಬತ್ತೈದು. ಕುಳಿತು ಸುಧಾರಿಸಿಕೊಳ್ಳಲಿ ಎಂದು ಅರ್ಧ ತಾಸು ಬಿಟ್ಟು ಮತ್ತೆ ನೋಡಿದರು. ಅಷ್ಟೇ. ಮತ್ತೆ ಆಪರೇಶನ್ ಇಲ್ಲ. ಈ ಸಲ ಆಕೆ ಗುಳಿಗೆ ತಿಂದೂ ಇಳಿದಿಲ್ಲವೆಂದರೆ ವಿಷಯ ಗಟ್ಟಿಯಿದೆ, ನಿಮ್ಮ ಡಾಕ್ಟರನ್ನೇ ಕೇಳಿ ಅಂದರು.

ಮನೆಗೆ ತಿರುಗಿ ಬಂದವಳೇ ನಿಂಗವ್ವ ತನ್ನ ಸೀರೆ ಮಡಚಿ ಚೀಲಕ್ಕೆ ಹಾಕತೊಡಗಿದಳು. ಕಣ್ಣು ಕಾಣದವಳ ಮಡಿಕೆ, ಅಂಚಿಗೆ ಅಂಚು ಸೇರುತ್ತಿರಲಿಲ್ಲ. ಬಿಚ್ಚಿ ಮತ್ತೆ ಮಡಚುತ್ತಿದ್ದಳು.

"ಏನ್ ನಡಸೀದಿ?"

"ಊರಿಗೆ ಹೋಗ್ತೀನಿ. ಎರಡ ಸಲ ಆತು. ನನ್ನ ಹಣ್ಯಾಗ ಬರದಿಲ್ಲ ಬಿಡು. ನಿನ್ನ ಸೊಸಿ ಮನ್ಯಾಗ ಎಷ್ಟ ದಿನಾಂತ ಬೀಳ್ಲಿ?"

"ಕೂಳ ಹಾಕಾಕಿ ಆಕಿ, ನುಂಗಾಕಿ ನೀನು. ನಡುವ ನಾ ಸುಮ್ಮಿದ್ದೀನಲ್ಲ? ಸೋಮವಾರ ಡಾಕ್ಟರಬಾಯಿಗೆ ಒಮ್ಮಿ ತೋರಸ್ತೀನಿ. ಆಮ್ಯಾಲ ಎಲ್ಲಿ ಬೇಕಾರ ಹೋಗು."

ಹೀಗೆ ಅಂದೆನೇ ಹೊರತು ನನಗೂ ಧೈರ್ಯವಿರಲಿಲ್ಲ. ಗುಳಿಗೆಗೂ ಬಗ್ಗದ ಬೀಪಿ ನನ್ನ ಅಜ್ಜಿಯ ಬಲಗೈಯನ್ನು ನೆನಪಿಗೆ ತಂದಿತ್ತು. ಇವಳ ಬಲಗೈ ಇನ್ನೂ ಸೂಜಿ ಹಿಡಿಯಬೇಕಿದೆ.

ಸೋಮವಾರ ದವಾಖಾನೆಗೆ ಹೋದೆವು. ರಿಕ್ಷಾದಿಂದ ಇಳಿಯುವಾಗ ನಿಂಗವ್ವ ಓಲಾಡಿದಳು, ಹಿಡಿದುಕೊಂಡೆ. ಸೋಮವಾರ ಸೋಮವಾರ ಅವಳಿಗೆ ಹೀಗೆ ತಲೆ ತಿರುಗುವುದನ್ನು ನೋಡಿದ್ದೆ. ಸೋಮವಾರದ ಉಪವಾಸ, ಸಾಬೂದಾಣಿ ತಿಂದು ಪಿತ್ತವಾಗಿದೆ ಎಂದು ನಿಂಬೆಹಣ್ಣು ಕೊಡುತ್ತಿದ್ದೆ. ಅರ್ಧ ಡಾಕ್ಟರ್ ಅಲ್ಲವೇ ನಾನು!

ಒಳಗೆ ಬೀಪಿ ನೋಡಿದರು. ಡಾಕ್ಟರಬಾಯಿ ಹುಬ್ಬು ಏರಿಸಿದರು. ನೂರಾ ಐವತ್ತು.

"ಗುರುವಾರ ಅಷ್ಟಿತ್ತು, ಇವತ್ತು ಇಷ್ಟೇ? ಆಜಿ, ಗುಳಿಗೆ ತಪ್ಪಿಸುತ್ತಿದ್ದಾರಾ ಇವರು?" ಎಂದು ನನ್ನನ್ನು ಮರಾಠಿಯಲ್ಲಿ ಕೇಳಿದರು. ಆಗಲೇ ಎರಡನೆಯದೊಂದು ಗುಳಿಗೆಯ ಹೆಸರು ಬರೆಯಲು ಪೆನ್ನು ಎತ್ತಿದ್ದರು.

ನಾನು ನಿಂಗವ್ವನ ಕಡೆ ತಿರುಗಿದೆ. "ಗುಳಿಗಿ ತಪ್ಪಸ್ತೀ ಏನು? ಖರೇ ಹೇಳು."

ಅವಳಿಗೆ ಸಿಟ್ಟು ಬಂತು. "ನನ್ನ ಆಣಿ, ಒಂದೂ ತಪ್ಪಿಸಿಲ್ಲ. ಹೇಳಿದಂಗ ತಗೊಂಡೀನಿ. ಪ್ರತಿ ಸೋಮವಾರ, ಪ್ರತಿ ಅಮಾಸಿ. ಮತ್ತ ಇಲ್ಲಿ ನಿಮ್ಮ ಮಗ್ಗಲ ಮನಿಯಾಕಿ ಸಂಕಷ್ಟಿ ಹಿಡೀ ಅಂದ್ಳು, ಅದನ್ನೂ ಹಿಡದೀನಿ."

"ಅಮಾಸಿಗಿ ಗುಳಿಗಿಗಿ ಏನ ಸಂಬಂಧ?"

"ನೀನ ಹೇಳೀದಿ, ಮುಂಜಾನಿ ಉಪಾಸ ಇದ್ದಾಗ ತಗೋಬೇಕಂತ! ಲಗೂ ಕಮ್ಮಿ ಆಗ್ಲಿ ಅಂತ ಶನಿವಾರದ ಉಪಾಸನೂ ಸುರು ಮಾಡೀನಿ. ಹೊಟ್ಟಿಗಿ ತಡಿಯೂದಿಲ್ಲ, ಆದ್ರೂ ಮಾಡೀನಿ. ಇದ್ರಮ್ಯಾಲ ವಾರಕ್ಕ ಮೂರ ನಾಕ ಉಪಾಸ ಮಾಡಂದ್ರ ನನ್ನ ಕೈಲಾಗೂದಿಲ್ಲ ಯಕ್ಕಾ."

ಉಪಾಶಿ. ಉಪಾಸ. ನಮ್ಮ ಕಡೆ ಉಪವಾಸಕ್ಕೆ ಉಪಾಸ ಅನ್ನುತ್ತಾರೆ. ಮೀಠಿನಲ್ಲಿ ಜಾರಬಾರದೆಂದು ಅಷ್ಟು ಜೋಪಾನವಾಗಿ ಕಾಲಿಟ್ಟವಳು ಎರಡು ಹೆಜ್ಜೆ ಮುಂದೆ ಅಂಗಾತ ಬಿದ್ದಿದ್ದೆ. ಈ ಮುದುಕಿ ಒಂದು ಗುಳಿಗೆಗಾಗಿ ಒಂದು ದಿನ ಹಸಿದಿದ್ದಳು. ಹೆಚ್ಚು ಗುಳಿಗೆ ಬೇಕೆಂದು ಹೆಚ್ಚು ಹಸಿದಿದ್ದಳು.

ಡಾಕ್ಟರಬಾಯಿ ಕೇಳಿದರು, "ಏನಂತೆ?"

ಆ ಕ್ಷಣದಲ್ಲಿ ನನಗೆ ಏನು ಹೊಳೆಯಿತೆಂದು ಮುಚ್ಚಿಡುವುದಿಲ್ಲ. ಅವಳು ಹಳ್ಳಿಯವಳು, ಮರೆತಿದ್ದಾಳೆ ಎಂದುಬಿಡಬಹುದಿತ್ತು. ದುಭಾಷಿ ನಾನೇ, ನಡುವೆ ಬೇರೆ ಯಾರೂ ಇಲ್ಲ. ನಿಂಗವ್ವನಿಗೆ ತಿಳಿಯುತ್ತಿರಲಿಲ್ಲ, ನನ್ನ ನಲವತ್ತೈದು ವರ್ಷದ ಮರಾಠಿಯ ಮಾನ ಉಳಿಯುತ್ತಿತ್ತು. ಹಾಗೆ ಹೇಳಲು ಬಾಯನ್ನೂ ತೆರೆದೆ. ಆದರೆ ಡಾಕ್ಟರಬಾಯಿಯ ಪೆನ್ನು ಕಾಗದದ ಮೇಲಿತ್ತು. ಮೊದಲನೆಯದನ್ನೇ ಸರಿಯಾಗಿ ತಿನ್ನದವಳಿಗೆ ಎರಡನೆಯದನ್ನೂ ಬರೆದು, ಇವಳು ಎರಡನ್ನೂ ಬರೀ ಹೊಟ್ಟೆಯಲ್ಲಿ ನುಂಗಿ ಉಪವಾಸ ಮಾಡಿದರೆ ರಿಕ್ಷಾದಿಂದಲ್ಲ, ಎಲ್ಲಿಂದ ಬೀಳುತ್ತಾಳೋ.

"ತಪ್ಪು ನನ್ನದು," ಅಂದೆ, ಮರಾಠಿಯಲ್ಲಿ. ಎಲ್ಲ ಹೇಳಿದೆ.

ಡಾಕ್ಟರಬಾಯಿ ಮೊದಲು ನಗಲಿಲ್ಲ. ಪೆನ್ನು ಕೆಳಗಿಟ್ಟು ಹಣೆ ಹಿಡಿದುಕೊಂಡರು. ಆಮೇಲೆ ಇಷ್ಟು ನಕ್ಕರು, ಹೊರಗಿನ ಕಂಪೌಂಡರ್ ಇಣುಕಿ ನೋಡಿದ. ನಕ್ಕು ಮುಗಿಸಿ ನನಗೆ ಸರಿಯಾಗಿ ಬೈದರು. ದಿನವೂ ಮುಂಜಾನೆ ಒಂದು ಗುಳಿಗೆ, ಹೊಸದು ಬೇಡ. ಗುಳಿಗೆ ನುಂಗಿ ಅರ್ಧ ತಾಸಿಗೆ ತಿಂಡಿ ತಿನ್ನಲೇಬೇಕು, ಕಣ್ಣಾಗುವ ತನಕ ಉಪವಾಸ ಬಂದ್. ಮಲಗಿದವಳು ಎದ್ದ ಕೂಡಲೇ ನಿಲ್ಲಬಾರದು, ಮಂಚದ ಮೇಲೆ ಸ್ವಲ್ಪ ಕುಳಿತು ಏಳಬೇಕು. ಕೆಮ್ಮು ಬಂದರೆ, ತಲೆ ತಿರುಗಿದರೆ, ಕಾಲು ಬಾತರೆ ಬಂದು ಹೇಳಬೇಕು, ತಾನಾಗಿ ಬಿಡಬಾರದು. "ಅಕ್ಷರ ಅಕ್ಷರ ಕನ್ನಡದಲ್ಲಿ ಹೇಳಿ ಆಜಿ, ನಾನು ಕೇಳುತ್ತೇನೆ," ಅಂದರು. ಅವರಿಗೆ ಕನ್ನಡ ಬಾರದು. ಆದರೂ ನಾನು ಹೇಳುವಾಗ ನನ್ನ ಬಾಯಿಯನ್ನೇ ನೋಡುತ್ತಾ ಕುಳಿತರು.

ನಿಂಗವ್ವ ಎಲ್ಲ ಕೇಳಿದಳು. ಬೈಯುತ್ತಾಳೆ ಅಂದುಕೊಂಡೆ.

"ಹಂಗಾದ್ರ ಶನಿವಾರ ಉಣ್ಣಬಹುದು?" ಅಂದಳು.

ಅವತ್ತು ಮನೆಗೆ ಬಂದ ಮೇಲೆ ಸೋಮವಾರ ಮುರಿದು ಎರಡು ರೊಟ್ಟಿ, ಬದನೆಕಾಯಿ ಪಲ್ಯ ತಿಂದಳು. ಮರುದಿನದಿಂದ ಮುಂಜಾನೆ ಗುಳಿಗೆ ಕೊಡುವ ಕೆಲಸವನ್ನು ಸ್ನೇಹಾ ವಹಿಸಿಕೊಂಡಳು. ನನ್ನನ್ನು ಆ ಕೆಲಸದಿಂದ ತೆಗೆದುಹಾಕಲಾಗಿತ್ತು. ಯಾರೂ ಹಾಗೆಂದು ಹೇಳಲಿಲ್ಲ. ಗುಳಿಗೆಯ ಪಟ್ಟಿ ನನ್ನ ಕೈಗೆ ಸಿಗದ ಕಪಾಟಿನ ಮೇಲೆ ಹೋಗಿ ಕುಳಿತಿತ್ತು, ಅಷ್ಟೆ.

ತಿಂಗಳಾದ ಮೇಲೆ ಮೂರನೇ ಸಲ ಆಸ್ಪತ್ರೆಗೆ ಹೋದೆವು. ಸಿಸ್ಟರ್ ಪಟ್ಟಿ ಸುತ್ತಿ ಗಾಳಿ ಊದುವಾಗ ನಾನು ಎದುರಿಗೆ ನಿಂತಿದ್ದೆ. ನಿಂಗವ್ವ ಆರಾಮವಾಗಿ ಕುಳಿತಿದ್ದಳು. ನೂರಾ ಮೂವತ್ತಾರು. ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಆ ಹೊತ್ತಿಗೆ ಯಾರಾದರೂ ನನ್ನ ಬೀಪಿ ನೋಡಿದ್ದರೆ ನನ್ನನ್ನೇ ಅಡ್ಮಿಟ್ ಮಾಡಿಕೊಳ್ಳುತ್ತಿದ್ದರು.

ಮರುದಿನ ಕಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಕಳಿಸಿದರು. ನಿಂಗವ್ವ ಕಪ್ಪು ಕನ್ನಡಕ ಹಾಕಿಕೊಂಡು ರಿಕ್ಷಾ ಹತ್ತಿದಳು. ಮನೆಗೆ ಬಂದು, ಕೈ ತೊಳೆದು, ಕನ್ನಡಕ ಹಣೆಗೇರಿಸಿ ಗೋಡೆ, ಗಡಿಯಾರ, ತನ್ನ ಉಗುರು ಎಲ್ಲ ನೋಡಿಕೊಂಡಳು. ಇನ್ನೊಂದು ಕಣ್ಣಿಗೆ ಎರಡು ತಿಂಗಳ ಮೇಲೆ ಬಾ ಅಂದಿದ್ದರು. ಒಂದರಲ್ಲೇ ಅವಳು ಎರಡರ ಕೆಲಸ ಮಾಡುತ್ತಿದ್ದಳು.

ಅದರ ಮರುದಿನ ಮುಂಜಾನೆ ಸ್ನೇಹಾ ಸ್ನಾನಕ್ಕೆ ಹೋಗಿದ್ದಳು. ಸ್ಟೂಲ್ ಹತ್ತಿ ಪಟ್ಟಿ ಇಳಿಸಿ, ಒಂದು ಗುಳಿಗೆ ಬಿಡಿಸಿ ನಿಂಗವ್ವನ ಅಂಗೈಗೆ ಹಾಕಿ, ನೀರಿನ ತಂಬಿಗೆ ಹಿಡಿದು ನಿಂತೆ. ಅವಳು ಅಂಗೈಯನ್ನು ಮುಖದ ಹತ್ತಿರ ತಂದಳು, ದೂರ ಹಿಡಿದಳು, ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಇದು ಬ್ಯಾರೆ ಗುಳಿಗಿ," ಅಂದಳು. "ಇದು ಬ್ಯಾಡ."

"ಅದೇ ಅದ. ನುಂಗು."

"ಹಳದಿ ಇತ್ತು. ಇಷ್ಟ ದಿನಾ ಹಳದಿ ಗುಳಿಗಿ ನುಂಗೀನಿ. ಇದು ಹಾಲಿನಂಗ ಬೆಳ್ಳಗದ."

"ಮೊದಲಿಂದ್ಲೂ ಬೆಳ್ಳಗ ಅದ. ಹಳದಿ ಇದ್ದದ್ದು ನಿನ್ನ ಕಣ್ಣಾಗಿನ ಪೊರಿ. ಆ ಪೊರ್ಯಾಗಿಂದ ನೋಡಿದ್ರ ಎಲ್ಲಾ ಹಳದಿನೇ."

ನಿಂಗವ್ವ ಗುಳಿಗೆಯನ್ನು ನೋಡಿದಳು. ನನ್ನ ಮುಖವನ್ನು ನೋಡಿದಳು, ಚೆನ್ನಾಗಿ ಕಾಣುವ ಕಣ್ಣಿನಿಂದ, ಸಾವಕಾಶವಾಗಿ. ಆಮೇಲೆ ಅಂಗೈ ಮುಚ್ಚಿ ಬಚ್ಚಲುಮನೆಯ ಬಾಗಿಲ ಕಡೆ ತಿರುಗಿ ಕೂಗಿದಳು:

"ಏ ಸ್ನೇಹಾ! ಲಗೂ ಬಾರವ್ವಾ ಹೊರಗ. ನಿಮ್ಮಜ್ಜಿ ಮತ್ತ ಏನೋ ಹೇಳ್ಲಿಕತ್ತಾಳ."